ಮೊಣಕಾಲಿಗೆ ರಕ್ತ ಇಳಿಯುವ ಮುನ್ನ

ವಯಸ್ಕ ಮನುಷ್ಯನ ಮೈಯಲ್ಲಿರುವ ಐದು ಲೀಟರ್ ರಕ್ತವನ್ನೆಲ್ಲ ಸೋಸಿದರೂ ಫ್ಯಾಕ್ಟರ್ 8 ಎಂಬ ಪ್ರೋಟೀನ್ ಒಂದು ಮಿಲಿಗ್ರಾಂನಷ್ಟೂ ಸಿಗುವುದಿಲ್ಲ. ಚಿಟಿಕೆ ಉಪ್ಪಿಗಿಂತ ಎಷ್ಟೋ ಪಾಲು ಹಗುರವಾದ ಈ ವಸ್ತು ಇಲ್ಲದೆ ಹುಟ್ಟಿದ ಗಂಡುಮಗುವಿನ ಬದುಕು ಬೇರೆಯದೇ ದಾರಿ ಹಿಡಿಯುತ್ತದೆ. ಅಂಬೆಗಾಲಿಡುವ ಹೊತ್ತಿಗೆ ಮೈಮೇಲೆ ನೀಲಿ ಕಲೆಗಳು, ನಡೆಯಲು ಕಲಿತ ಮೇಲೆ ಊದಿಕೊಳ್ಳುವ ಮೊಣಕಾಲು, ಶಾಲೆಗೆ ಸೇರಿದ ಮೇಲೆ ತಿಂಗಳಿಗೆ ಹಲವು ದಿನ ಗೈರುಹಾಜರಿ, ಇಪ್ಪತ್ತು ತುಂಬುವುದರೊಳಗೆ ಮಡಿಸಿದಂತೆಯೇ ಉಳಿದುಬಿಟ್ಟ ಕಾಲು. ನಮ್ಮ ಪತ್ರಿಕೆಗಳು ಕುಸುಮ ರೋಗ ಎಂದು ಕರೆಯುತ್ತ ಬಂದಿರುವ ಹಿಮೋಫಿಲಿಯಾದಲ್ಲಿ ಹೆಚ್ಚಿನ ಪಾಲು ಈ ಫ್ಯಾಕ್ಟರ್ 8ರ ಕೊರತೆಯದು. ಅದಕ್ಕೆ ಹಿಮೋಫಿಲಿಯಾ ಎ ಎಂದು ಹೆಸರು, ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಅದು ಹುಟ್ಟಿನಿಂದ ಬರುತ್ತದೆ. ಇಲ್ಲದ ಪ್ರೋಟೀನನ್ನು ಹೊರಗಿನಿಂದ ಕೊಡುವ ವಿದ್ಯೆ ವೈದ್ಯರಿಗೆ ಕೈವಶವಾಗಿ ಅರ್ಧ ಶತಮಾನ ಮೀರಿದೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯೂ ಇದೆ. ಆದರೂ ಮೊಣಕಾಲುಗಳು ಹಾಳಾಗುತ್ತಲೇ ಇವೆ. ಔಷಧ ಕೊಡುವ ಗಳಿಗೆಯಲ್ಲೇ ಎಡವಟ್ಟಿದೆ. ರಕ್ತಸ್ರಾವ ಆದ ಮೇಲೆ ಬಂದವರಿಗೆ ಫ್ಯಾಕ್ಟರ್ ಕೊಟ್ಟು ಕಳಿಸುವ ಪದ್ಧತಿಯನ್ನು ಬದಲಿಸಿ, ತೀವ್ರ ಹಿಮೋಫಿಲಿಯಾ ಇರುವ ಪ್ರತಿ ಮಗುವಿಗೂ ವಾರದಲ್ಲಿ ಇಂಥ ದಿನ ಎಂದು ನಿಗದಿ ಮಾಡಿ ಮೊದಲೇ ಕೊಡುವ ಪದ್ಧತಿಯನ್ನು ರಾಜ್ಯ ತನ್ನ ನಿಯಮವಾಗಿ ಒಪ್ಪಿಕೊಳ್ಳಬೇಕು. ಈಗ ಅದು ಅಲ್ಲಲ್ಲಿ, ಕೆಲವರ ಪಾಲಿಗೆ ಸಿಗುವ ಅದೃಷ್ಟವಾಗಿದೆ.

ಹಿಮೋಫಿಲಿಯಾ ಇದ್ದವರಿಗೆ ಬೆರಳು ಕೊಯ್ದರೆ ರಕ್ತ ನಿಲ್ಲದೆ ಸತ್ತೇಹೋಗುತ್ತಾರೆ ಎಂಬ ನಂಬಿಕೆ ಜನರಲ್ಲಿದೆ. ಅದು ನಿಜವಲ್ಲ. ಸಣ್ಣ ಗಾಯದ ಬಾಯನ್ನು ಪ್ಲೇಟ್‌ಲೆಟ್‌ಗಳೇ ಗುಂಪುಗೂಡಿ ಮುಚ್ಚುತ್ತವೆ, ಈ ಮಕ್ಕಳಲ್ಲಿ ಅವುಗಳಿಗೆ ಬರವಿಲ್ಲ. ತೊಡಕು ಇರುವುದು ಮುಂದಿನ ಹಂತದಲ್ಲಿ. ಪ್ಲೇಟ್‌ಲೆಟ್‌ಗಳ ಸಡಿಲ ಮುಚ್ಚಳದ ಮೇಲೆ ಫೈಬ್ರಿನ್ ಎಂಬ ನಾರು ಬಲೆಯಂತೆ ಹೆಣೆದುಕೊಂಡರೆ ಮಾತ್ರ ಹೆಪ್ಪು ಗಟ್ಟಿಯಾಗಿ ನಿಲ್ಲುತ್ತದೆ. ಆ ಬಲೆಗೆ ಥ್ರಾಂಬಿನ್ ಬೇಕು, ಥ್ರಾಂಬಿನ್ ಸಾಕಷ್ಟು ಹುಟ್ಟಬೇಕಾದರೆ ಫ್ಯಾಕ್ಟರ್ 10 ಚುರುಕಾಗಬೇಕು, ಅದನ್ನು ಚುರುಕುಗೊಳಿಸುವ ಕತ್ತರಿ ಫ್ಯಾಕ್ಟರ್ 9. ಫ್ಯಾಕ್ಟರ್ 8 ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಪ್ಲೇಟ್‌ಲೆಟ್‌ನ ಮೈಮೇಲೆ 9 ಮತ್ತು 10 ಎರಡನ್ನೂ ಎದುರುಬದುರಾಗಿ ಸರಿಯಾಗಿ ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ. ಅಷ್ಟರಿಂದಲೇ ಕತ್ತರಿಯ ವೇಗ ಲಕ್ಷ ಪಟ್ಟು ಮೀರಿ ಏರುತ್ತದೆ. ಹಿಡಿಯುವ ಕೈ ಇಲ್ಲದಿದ್ದರೆ ಹೆಪ್ಪು ಕಟ್ಟಿದಂತೆ ಕಂಡು ಮತ್ತೆ ಜರುಗುತ್ತದೆ, ಒಳಗೆ ರಕ್ತ ಜಿನುಗುತ್ತಲೇ ಇರುತ್ತದೆ. ಹೀಗೆ ಜಿನುಗುವ ಜಾಗ ಹೆಚ್ಚಾಗಿ ಮೊಣಕಾಲು, ಮೊಣಕೈ, ಪಾದದ ಗಿಣ್ಣು. ಕೀಲಿನ ಒಳಪೊರೆಯಾದ ಸೈನೋವಿಯಮ್, ತನ್ನೊಳಗೆ ಚೆಲ್ಲಿದ ರಕ್ತವನ್ನು ಹೀರಿ ಸ್ವಚ್ಛ ಮಾಡಲು ಹೋಗಿ ಕಬ್ಬಿಣವನ್ನು ತುಂಬಿಕೊಳ್ಳುತ್ತದೆ. ಕಬ್ಬಿಣ ತುಂಬಿದ ಪೊರೆ ಕೆರಳಿ ದಪ್ಪವಾಗುತ್ತದೆ, ಅದರಲ್ಲಿ ಹೊಸ ನವಿರು ರಕ್ತನಾಳಗಳು ಮೊಳೆಯುತ್ತವೆ, ಅವು ಸಣ್ಣ ಒತ್ತಡಕ್ಕೇ ಒಡೆಯುತ್ತವೆ. ಒಂದು ಸಲ ರಕ್ತ ಇಳಿದ ಕೀಲಿಗೆ ಮತ್ತೆ ಮತ್ತೆ ರಕ್ತ ಇಳಿಯುವುದು ಇದರಿಂದ. ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ತಾಗುವ ಹೊತ್ತಿಗೆ ಎಷ್ಟು ಫ್ಯಾಕ್ಟರ್ ಕೊಟ್ಟರೂ ಆ ಕೀಲು ಹಿಂದಿನಂತೆ ಆಗುವುದಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಈ ಕಾಯಿಲೆಯಲ್ಲಿ ಅಕ್ಷರಶಃ ನಿಜ.

ರಕ್ತ ಇಳಿಯುವ ಮುನ್ನವೇ ಔಷಧ ಕೊಡುವ ದಾರಿಯನ್ನು ಮೊದಲು ಕಂಡುಕೊಂಡದ್ದು ಸ್ವೀಡನ್ನಿನ ಮಾಲ್ಮೋ ನಗರದ ವೈದ್ಯರು. ರಕ್ತದಲ್ಲಿ ಫ್ಯಾಕ್ಟರ್ 8 ಸಹಜ ಪ್ರಮಾಣದ ಶೇ 1ಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ತೀವ್ರ, 1ರಿಂದ 5ರವರೆಗೆ ಇದ್ದರೆ ಮಧ್ಯಮ. ಮಧ್ಯಮ ಗುಂಪಿನವರ ಕೀಲುಗಳು ತೀವ್ರ ಗುಂಪಿನವರ ಕೀಲುಗಳಷ್ಟು ಹಾಳಾಗುವುದಿಲ್ಲ ಎಂಬುದನ್ನು ಇಂಗಾ ಮಾರಿ ನಿಲ್ಸನ್ ಮತ್ತು ಸಂಗಡಿಗರು ಗಮನಿಸಿದರು. ಹಾಗಾದರೆ ಹೊರಗಿನಿಂದ ಕೊಟ್ಟು ಪ್ರಮಾಣವನ್ನು ಶೇ 1ರ ಗೆರೆಯಿಂದ ಮೇಲೆ ಇಟ್ಟರೆ ತೀವ್ರ ಕಾಯಿಲೆಯನ್ನು ಮಧ್ಯಮಕ್ಕೆ ಇಳಿಸಬಹುದಲ್ಲವೇ? ಇಷ್ಟು ಸರಳವಾದ ತರ್ಕದ ಮೇಲೆ 1958ರಲ್ಲೇ ಅವರು ಮಕ್ಕಳಿಗೆ ಕ್ರಮವಾಗಿ ಫ್ಯಾಕ್ಟರ್ ಕೊಡಲು ಶುರುಮಾಡಿದರು. ದಶಕಗಳ ಅನುಭವ ಅವರ ಪರವಾಗಿತ್ತು. ಆದರೂ ಅನುಭವವೇ ಪುರಾವೆಯಾಗದು ಎಂದು ವಾದಿಸಿದವರಿಗೆ 2007ರಲ್ಲಿ ಅಮೆರಿಕದ ಅಧ್ಯಯನವೊಂದು ಉತ್ತರ ಕೊಟ್ಟಿತು. ಎರಡೂವರೆ ವರ್ಷದೊಳಗಿನ 65 ಹುಡುಗರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ದಿನ ಬಿಟ್ಟು ದಿನ ಫ್ಯಾಕ್ಟರ್. ಇನ್ನೊಂದಕ್ಕೆ ಕೀಲಿಗೆ ರಕ್ತ ಇಳಿದಾಗಲೆಲ್ಲ ತಡಮಾಡದೆ ಧಾರಾಳವಾಗಿ ಫ್ಯಾಕ್ಟರ್. ಆರನೇ ವಯಸ್ಸಿಗೆ ಎಂಆರ್‌ಐ ತೆಗೆದು ನೋಡಿದಾಗ ಮೊದಲ ಗುಂಪಿನ ಶೇ 93 ಮಕ್ಕಳ ಕೀಲುಗಳು ಸಹಜವಾಗಿದ್ದವು, ಎರಡನೆಯದರಲ್ಲಿ ಶೇ 55 ಮಾತ್ರ. ಗಮನಿಸಬೇಕಾದದ್ದು ಎರಡನೇ ಗುಂಪಿಗೆ ಸಿಕ್ಕ ಆರೈಕೆ. ನಮ್ಮ ತಾಲ್ಲೂಕಿನ ಯಾವ ಮಗುವಿಗೂ ಕನಸಿನಲ್ಲೂ ಸಿಗದಷ್ಟು ಚುರುಕಾದ ಚಿಕಿತ್ಸೆ ಅದು. ಹಾಗಿದ್ದೂ ಸುಮಾರು ಅರ್ಧದಷ್ಟು ಮಕ್ಕಳ ಕೀಲು ಕೆಟ್ಟಿತು ಎಂದರೆ, ಆದ ಮೇಲೆ ನೋಡಿಕೊಳ್ಳೋಣ ಎಂಬ ಪದ್ಧತಿ ಎಷ್ಟೇ ಶ್ರದ್ಧೆಯಿಂದ ನಡೆದರೂ ಸೋಲುತ್ತದೆ ಎಂದೇ ಅರ್ಥ.

ಇಲ್ಲಿ ಏಳುವ ಮೊದಲ ಆಕ್ಷೇಪ ದುಡ್ಡಿನದು. ಶ್ರೀಮಂತ ದೇಶಗಳ ಮಾತು ಬೇರೆ, ನಮ್ಮ ಬೊಕ್ಕಸಕ್ಕೆ ಇದು ತಾಳೀತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಏಳೆಂಟು ವರ್ಷದ, 25 ಕಿಲೋ ತೂಕದ ಹುಡುಗನೊಬ್ಬ ಎಂದುಕೊಳ್ಳಿ. ಕಿಲೋಗೆ ಒಂದು ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇ 2ರಷ್ಟು ಏರುತ್ತದೆ. ಕೀಲಿಗೆ ರಕ್ತ ಇಳಿದಾಗ ಮಟ್ಟವನ್ನು ಶೇ 40ಕ್ಕೆ ಒಯ್ಯಬೇಕೆಂದರೆ ಕಿಲೋಗೆ 20ರಂತೆ 500 ಯೂನಿಟ್ ಬೇಕು. ಒಂದೇ ಸಲಕ್ಕೆ ನಿಲ್ಲುವುದು ಅಪರೂಪ, ಎರಡನೇ ಸಲವೂ ಕೊಟ್ಟರೆ ಒಂದು ರಕ್ತಸ್ರಾವಕ್ಕೆ 1,000 ಯೂನಿಟ್. ಮುಂಚಿತ ಚಿಕಿತ್ಸೆ ಸಿಗದ ತೀವ್ರ ಹಿಮೋಫಿಲಿಯಾದಲ್ಲಿ ವರ್ಷಕ್ಕೆ ಇಪ್ಪತ್ತು ಮೂವತ್ತು ಸಲ ಹೀಗಾಗುವುದು ಸಾಮಾನ್ಯ. ಎರಡು ವಾರಕ್ಕೊಂದರಂತೆ 26 ಎಂದು ಹಿಡಿದರೆ ವರ್ಷಕ್ಕೆ 26,000 ಯೂನಿಟ್. ಇನ್ನು ಕಡಿಮೆ ಪ್ರಮಾಣದ ಮುಂಚಿತ ಚಿಕಿತ್ಸೆಯನ್ನು ನೋಡಿ: ಕಿಲೋಗೆ 10 ಯೂನಿಟ್, ವಾರಕ್ಕೆ ಎರಡು ಸಲ. ಈ ಹುಡುಗನಿಗೆ ಪ್ರತಿ ಸಲ 250 ಯೂನಿಟ್, ಅಂದರೆ ಮಾರುಕಟ್ಟೆಯಲ್ಲಿ ಸಿಗುವ ಸಣ್ಣ ವಯಲ್ ಒಂದು. ವರ್ಷಕ್ಕೆ 104 ವಯಲ್, ಒಟ್ಟು 26,000 ಯೂನಿಟ್. ಎರಡೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತವೆ. ಒಂದು ದಾರಿಯಲ್ಲಿ ಅಷ್ಟೂ ಔಷಧ ಆಗಲೇ ರಕ್ತ ತುಂಬಿದ ಕೀಲುಗಳ ಮೇಲೆ ಸುರಿದುಹೋಗುತ್ತದೆ, ಇನ್ನೊಂದು ದಾರಿಯಲ್ಲಿ ಅದೇ ಔಷಧ ರಕ್ತ ಇಳಿಯುವುದನ್ನೇ ಕಡಿಮೆ ಮಾಡುತ್ತದೆ.

ಈ ಲೆಕ್ಕ ತುಂಬ ಅನುಕೂಲಕರವಾಗಿದೆ ಎಂದು ಅನುಮಾನಿಸುವವರ ಪರವಾಗಿ ಎರಡು ಮಾತು ಹೇಳಬೇಕು. ಮುಂಚಿತ ಚಿಕಿತ್ಸೆ ತೆಗೆದುಕೊಂಡರೂ ನಡುನಡುವೆ ರಕ್ತಸ್ರಾವ ಆಗುತ್ತದೆ, ಅದಕ್ಕೆ ಬೇರೆ ಔಷಧ ಬೇಕು. ಹಾಗಾಗಿ ಒಟ್ಟು ಖರ್ಚು ಸ್ವಲ್ಪ ಮೇಲೇರುತ್ತದೆ. ಎರಡನೆಯದು, ನಮ್ಮ ಅನೇಕ ಮಕ್ಕಳಿಗೆ ಈಗ ವರ್ಷಕ್ಕೆ 26,000 ಯೂನಿಟ್ ಸಿಗುತ್ತಿಲ್ಲ. ಬಸ್ಸಿಲ್ಲವೆಂದೋ ಕೂಲಿ ತಪ್ಪುತ್ತದೆಂದೋ ಎಷ್ಟೋ ರಕ್ತಸ್ರಾವಗಳು ಆಸ್ಪತ್ರೆಯನ್ನು ಮುಟ್ಟುವುದೇ ಇಲ್ಲ, ಮುಟ್ಟಿದವಕ್ಕೂ ದಾಸ್ತಾನು ನೋಡಿಕೊಂಡು ಅರ್ಧ ಡೋಸ್. ಹೀಗಾಗಿ ಇಲಾಖೆಯ ಪುಸ್ತಕದಲ್ಲಿ ಈಗಿನ ಪದ್ಧತಿ ಅಗ್ಗವಾಗಿ ಕಾಣುತ್ತದೆ. ಆದರೆ ಅದು ಉಳಿತಾಯ ಹೇಗಾದೀತು? ಔಷಧದ ಬಾಬತ್ತಿನಲ್ಲಿ ಉಳಿಸಿದ್ದನ್ನು ಹಾಸಿಗೆ, ಸ್ಕ್ಯಾನಿಂಗ್, ಫಿಸಿಯೋಥೆರಪಿ, ಕೊನೆಗೆ ಕೀಲು ಬದಲಿ ಶಸ್ತ್ರಚಿಕಿತ್ಸೆಯ ಬಾಬತ್ತಿನಲ್ಲಿ ತೆರುತ್ತೇವೆ. ಶಸ್ತ್ರಚಿಕಿತ್ಸೆಯೊಂದಕ್ಕೇ ಸಾವಿರಾರು ಯೂನಿಟ್ ಫ್ಯಾಕ್ಟರ್ ಬೇಕು. ಉಳಿದದ್ದನ್ನು ಆ ಮನೆಯವರು ತೆರುತ್ತಾರೆ. ಮಗನನ್ನು ಹೊತ್ತುಕೊಂಡು ತಿಂಗಳಿಗೆ ಎರಡು ಸಲ ಜಿಲ್ಲಾ ಕೇಂದ್ರಕ್ಕೆ ಹೋಗುವ ತಾಯಿಯ ಕೂಲಿ ಯಾವ ಇಲಾಖೆಯ ಲೆಕ್ಕಕ್ಕೂ ಸೇರುವುದಿಲ್ಲ.

ವೈದ್ಯರ ಕಡೆಯಿಂದ ಬರುವ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಕಿಲೋಗೆ ಹತ್ತು ಯೂನಿಟ್ ಎಂಬುದು ಅರೆಹೊಟ್ಟೆಯ ಊಟ, ಬಡವರ ಮಕ್ಕಳಿಗೆ ಕಡಿಮೆ ದರ್ಜೆಯ ಚಿಕಿತ್ಸೆಯನ್ನೇ ಕಾಯಂ ಮಾಡುತ್ತೀರಾ ಎಂದು ಅವರು ಕೇಳುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಫ್ಯಾಕ್ಟರ್ 8 ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಸುಮಾರು ಹನ್ನೆರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಮಕ್ಕಳಲ್ಲಿ ಇನ್ನೂ ಬೇಗ. ಹತ್ತು ಯೂನಿಟ್‌ನಿಂದ ಶೇ 20ಕ್ಕೆ ಏರಿದ ಮಟ್ಟ 10, 5, 2.5 ಎಂದು ಇಳಿಯುತ್ತ ಸುಮಾರು ಎರಡು ದಿನಕ್ಕೆ ಶೇ 1ರ ಗೆರೆ ತಲುಪುತ್ತದೆ. ಅಂದರೆ ವಾರಕ್ಕೆ ಎರಡು ಸಲ ಕೊಟ್ಟರೆ ವಾರದ ಸರಿಸುಮಾರು ಅರ್ಧ ಹೊತ್ತು ಮಾತ್ರ ಮಗುವಿಗೆ ರಕ್ಷಣೆ. ಚೀನಾದಲ್ಲೂ ಭಾರತದಲ್ಲೂ ನಡೆದ ಸಣ್ಣ ಅಧ್ಯಯನಗಳಲ್ಲಿ ಇಷ್ಟರಿಂದಲೇ ರಕ್ತಸ್ರಾವಗಳು ಗಣನೀಯವಾಗಿ ತಗ್ಗಿದವು, ಶಾಲೆ ತಪ್ಪುವ ದಿನಗಳು ಇಳಿದವು; ಆದರೆ ಕೀಲು ಪೂರ್ತಿ ಉಳಿಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಹಾಗೆಂದು ಪೂರ್ತಿ ಡೋಸ್ ಸಿಗುವವರೆಗೆ ಕಾಯೋಣ ಎಂಬುದು ಸರಿಯಾದ ತೀರ್ಮಾನವಾಗದು. ಸ್ವೀಡನ್ ಮತ್ತು ನೆದರ್ಲೆಂಡ್ಸ್ ರೋಗಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ದಾರಿ ತೋರಿಸುತ್ತದೆ. ಸ್ವೀಡನ್ನಿನವರು ವರ್ಷಕ್ಕೆ ಕಿಲೋಗೆ ಸುಮಾರು 4,000 ಯೂನಿಟ್ ಬಳಸಿದರೆ ಡಚ್ಚರು 2,100. ಹೆಚ್ಚು ಬಳಸಿದವರ ಕೀಲು ತುಸು ಚೆನ್ನಾಗಿತ್ತು, ಆದರೆ ಖರ್ಚು ಏರಿದಷ್ಟು ಪ್ರಯೋಜನ ಏರಿರಲಿಲ್ಲ. ನಾನು ಹೇಳುತ್ತಿರುವ ಕನಿಷ್ಠ ಡೋಸ್ ವರ್ಷಕ್ಕೆ ಕಿಲೋಗೆ 1,040 ಯೂನಿಟ್, ಡಚ್ಚರ ಅರ್ಧ. ಮೊದಲ ಸಾವಿರ ಯೂನಿಟ್ ಕೊಡುವ ಲಾಭ ಕೊನೆಯ ಸಾವಿರಕ್ಕಿಂತ ಬಹಳ ದೊಡ್ಡದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಡಾ. ಅಲೋಕ್ ಶ್ರೀವಾಸ್ತವ ಮುಂದಾಳುತನದಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟ 2020ರಲ್ಲಿ ಹೊರತಂದ ಮಾರ್ಗಸೂಚಿಯೂ ಮುಂಚಿತ ಚಿಕಿತ್ಸೆಯನ್ನೇ ಎಲ್ಲೆಡೆಯ ಪದ್ಧತಿಯಾಗಿ ಮಾಡಬೇಕೆನ್ನುತ್ತದೆ. ಕೈ ಕಟ್ಟಿದ ದೇಶಗಳು ಕಡಿಮೆ ಡೋಸ್‌ನಿಂದ ಶುರುಮಾಡಲಿ ಎನ್ನುತ್ತದೆ. ಹತ್ತು ಯೂನಿಟ್ ಎಂಬುದು ಹತ್ತುವ ಮೊದಲ ಮೆಟ್ಟಿಲು. ಅಲ್ಲೇ ಚಾಪೆ ಹಾಸಿ ಕೂರಬಾರದು, ನಿಜ. ಆದರೆ ಹತ್ತಲೇಬಾರದು ಎನ್ನುವುದಕ್ಕೆ ಅದು ಕಾರಣವಾಗದು.

ಹೊರಗಿನ ರಕ್ತದ ಅಂಶವನ್ನು ಎಳೆಯ ಮಗುವಿಗೆ ವರ್ಷಕ್ಕೆ ನೂರು ಸಲ ಕೊಡುವುದು ಕ್ಷೇಮವೇ ಎಂಬ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಈ ಔಷಧದ ಚರಿತ್ರೆಯಲ್ಲಿ ದೊಡ್ಡ ದುರಂತವೊಂದಿದೆ. 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜುಡಿತ್ ಪೂಲ್, ಮಂಜುಗಟ್ಟಿಸಿದ ಪ್ಲಾಸ್ಮಾ (ರಕ್ತದ ದ್ರವಭಾಗ) ನಿಧಾನ ಕರಗುವಾಗ ತಳದಲ್ಲಿ ಉಳಿಯುವ ಗಷ್ಟಿನಲ್ಲಿ ಫ್ಯಾಕ್ಟರ್ 8 ಹೇರಳವಾಗಿರುವುದನ್ನು ಕಂಡುಹಿಡಿದರು. ಅದೇ ಕ್ರಯೋಪ್ರೆಸಿಪಿಟೇಟ್, ನಮ್ಮ ರಕ್ತನಿಧಿಗಳಲ್ಲಿ ಇಂದಿಗೂ ಇದೆ. ಮುಂದೆ ಸಾವಿರಾರು ಜನರ ಪ್ಲಾಸ್ಮಾವನ್ನು ಒಟ್ಟಿಗೆ ಕಲಸಿ ಪುಡಿ ರೂಪದ ಫ್ಯಾಕ್ಟರ್ ತಯಾರಾಯಿತು. ಒಬ್ಬ ದಾನಿಯಲ್ಲಿ ವೈರಸ್ ಇದ್ದರೂ ಇಡೀ ಬ್ಯಾಚಿನ ಔಷಧ ಕೆಡುತ್ತಿತ್ತು. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಹರಡಿದ್ದು ಹಾಗೆ. ಬ್ರಿಟನ್ನಿನಲ್ಲಿ ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ ನೇತೃತ್ವದ ವಿಚಾರಣೆ 2024ರ ಮೇ ತಿಂಗಳಲ್ಲಿ ಕೊಟ್ಟ ವರದಿಯ ಪ್ರಕಾರ ಕಲುಷಿತ ರಕ್ತ ಮತ್ತು ರಕ್ತದ ಉತ್ಪನ್ನಗಳಿಂದ ಸೋಂಕು ತಗುಲಿದವರು 30,000ಕ್ಕೂ ಹೆಚ್ಚು, ಸತ್ತವರು ಸುಮಾರು 3,000; ಅವರಲ್ಲಿ ಹಿಮೋಫಿಲಿಯಾ ಇದ್ದ ಶಾಲಾಮಕ್ಕಳೂ ಇದ್ದರು. ಅಪಾಯ ಗೊತ್ತಿದ್ದೂ ಮುಚ್ಚಿಟ್ಟದ್ದು, ತಡಮಾಡಿದ್ದು ಅಲ್ಲಿನ ದೊಡ್ಡ ಅಪರಾಧ. ಆ ಪಾಠ ಕಲಿತ ಮೇಲೆ ಪ್ಲಾಸ್ಮಾದಿಂದ ಬರುವ ಫ್ಯಾಕ್ಟರನ್ನು ಶಾಖದಿಂದಲೋ, ವೈರಸ್ಸಿನ ಕೊಬ್ಬಿನ ಕವಚ ಕರಗಿಸುವ ರಾಸಾಯನಿಕದಿಂದಲೋ ಶುದ್ಧಿ ಮಾಡುವುದು ಕಡ್ಡಾಯವಾಯಿತು. 1984ರಲ್ಲಿ ಫ್ಯಾಕ್ಟರ್ 8ರ ಜೀನ್ ಕೈಗೆ ಸಿಕ್ಕಿ, 1992ರಲ್ಲಿ ಕೋಶಗಳಲ್ಲಿ ಬೆಳೆಸಿದ ಫ್ಯಾಕ್ಟರ್ ಅಮೆರಿಕದ ಮಾರುಕಟ್ಟೆಗೆ ಬಂತು. ಅದಕ್ಕೆ ದಾನಿಗಳ ರಕ್ತವೇ ಬೇಡ. ಹಾಗಾಗಿ ಇಂದು ಹೆಚ್ಚು ಎಚ್ಚರ ಬೇಕಿರುವುದು, ಇಂಥ ಶುದ್ಧೀಕರಣವಿಲ್ಲದೆಯೇ ತುರ್ತಿಗೆಂದು ಕೊಡುವ ಕ್ರಯೋಪ್ರೆಸಿಪಿಟೇಟ್ ಮತ್ತು ಪ್ಲಾಸ್ಮಾದ ಬಗ್ಗೆ. ಫ್ಯಾಕ್ಟರ್ ದಾಸ್ತಾನು ಮುಗಿದಾಗ ವೈದ್ಯರು ಬೇರೆ ದಾರಿಯಿಲ್ಲದೆ ಅದನ್ನೇ ಹಿಡಿಯುತ್ತಾರೆ. ವರ್ಷದ ಅಗತ್ಯವನ್ನು ಮೊದಲೇ ಲೆಕ್ಕ ಹಾಕಿ ತರಿಸುವ ಮುಂಚಿತ ಚಿಕಿತ್ಸೆ ಆ ಪ್ರಸಂಗವನ್ನೇ ಕಡಿಮೆ ಮಾಡುತ್ತದೆ.

ಇನ್ನೊಂದು ಅಪಾಯ ದೇಹದೊಳಗಿನದು. ಹುಟ್ಟಿನಿಂದ ಫ್ಯಾಕ್ಟರ್ 8 ಕಂಡೇ ಇರದ ದೇಹ ಅದನ್ನು ಪರಕೀಯ ಎಂದು ತಿಳಿದು ಪ್ರತಿಕಾಯ ಕಟ್ಟಬಹುದು. ಇನ್‌ಹಿಬಿಟರ್ ಎಂದು ಕರೆಯುವ ಈ ತೊಡಕು ತೀವ್ರ ಹಿಮೋಫಿಲಿಯಾ ಎ ಇರುವ ಮಕ್ಕಳಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಬರುತ್ತದೆ. ಬಂದರೆ ಮಾಮೂಲಿ ಫ್ಯಾಕ್ಟರ್ ಕೆಲಸ ಮಾಡುವುದಿಲ್ಲ. 2016ರಲ್ಲಿ ಪ್ರಕಟವಾದ ಸಿಪೆಟ್ ಎಂಬ ಅಧ್ಯಯನ 251 ಮಕ್ಕಳನ್ನು ಪರೀಕ್ಷಿಸಿ, ಪ್ಲಾಸ್ಮಾದಿಂದ ತಯಾರಾದ ಫ್ಯಾಕ್ಟರ್ ಪಡೆದವರಲ್ಲಿ ಶೇ 26.8, ಪ್ರಯೋಗಾಲಯದಲ್ಲಿ ಬೆಳೆಸಿದ್ದನ್ನು ಪಡೆದವರಲ್ಲಿ ಶೇ 44.5ರಷ್ಟು ಮಕ್ಕಳಿಗೆ ಇನ್‌ಹಿಬಿಟರ್ ಬಂದದ್ದನ್ನು ತೋರಿಸಿತು. ಆ ಮಕ್ಕಳಲ್ಲಿ ಭಾರತದವರೂ ಇದ್ದರು. ದುಬಾರಿಯದೆಲ್ಲ ಉತ್ತಮ ಎಂಬ ನಂಬಿಕೆಗೆ ಇದು ಒಳ್ಳೆಯ ಮದ್ದು. ಆದರೆ ಮುಂಚಿತ ಚಿಕಿತ್ಸೆಯ ವಿರುದ್ಧ ಇದನ್ನು ವಾದವಾಗಿ ಬಳಸಲು ಬರುವುದಿಲ್ಲ. ಇನ್‌ಹಿಬಿಟರ್ ಬರುವ ಅಪಾಯ ಮೊದಲ ಹತ್ತಾರು ಡೋಸ್‌ಗಳಲ್ಲೇ ಹೆಚ್ಚು, ಮತ್ತು ಆದ ಮೇಲೆ ಕೊಡುವ ಪದ್ಧತಿಯಲ್ಲೂ ಆ ಡೋಸ್‌ಗಳು ತಪ್ಪುವುದಿಲ್ಲ; ಮಗು ದೊಡ್ಡ ರಕ್ತಸ್ರಾವದಲ್ಲಿ ನರಳುತ್ತಿರುವಾಗ ಒಮ್ಮೆಲೇ ಹೆಚ್ಚು ಫ್ಯಾಕ್ಟರ್ ಸುರಿಯುವುದೇ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲಿ ಒಂದೆಂದು ತಜ್ಞರು ಎಣಿಸುತ್ತಾರೆ. ವಾರವಾರ ಬರುವ ಮಗುವಿನಲ್ಲಿ ತೊಡಕನ್ನು ಬೇಗ ಹಿಡಿಯಬಹುದು, ಊದಿದಾಗ ಮಾತ್ರ ಬರುವ ಮಗುವಿನಲ್ಲಿ ಅದು ಬಹಳ ತಡವಾಗಿ ಗೊತ್ತಾಗುತ್ತದೆ.

ವಾರಕ್ಕೆರಡು ಸಲ ರಕ್ತನಾಳ ಹುಡುಕಿ ಸೂಜಿ ಚುಚ್ಚುವವರು ಯಾರು ಎಂಬುದು ಎಲ್ಲಕ್ಕಿಂತ ವ್ಯಾವಹಾರಿಕ ಪ್ರಶ್ನೆ. ಯೋಜನೆ ಗೆಲ್ಲುವುದು ಸೋಲುವುದು ಇದರ ಮೇಲೆಯೇ. ಕೆಲಸದ ರೀತಿ ಹೀಗಿದೆ: ಫ್ರಿಜ್ಜಿನಿಂದ ತೆಗೆದ ಎರಡು ಪುಟ್ಟ ಸೀಸೆ, ಒಂದರಲ್ಲಿ ಬಿಳಿ ಪುಡಿ, ಇನ್ನೊಂದರಲ್ಲಿ ಶುದ್ಧ ನೀರು. ಕೋಣೆಯ ಬಿಸಿಗೆ ಬಂದ ಮೇಲೆ ನೀರನ್ನು ಪುಡಿಗೆ ಹಾಯಿಸಿ, ಕುಲುಕದೆ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಕುಲುಕಿದರೆ ನೊರೆಯೆದ್ದು ಪ್ರೋಟೀನ್ ಕೆಡುತ್ತದೆ. ತಿಳಿಯಾದ ದ್ರವವನ್ನು ಸಿರಿಂಜಿಗೆ ಎಳೆದು, ಕೈಹಿಂಬದಿಯ ನಾಳಕ್ಕೆ ಚಿಟ್ಟೆರೆಕ್ಕೆಯ ಸಣ್ಣ ಸೂಜಿ ಹಾಕಿ ಕೆಲವು ನಿಮಿಷ ನಿಧಾನಕ್ಕೆ ಒತ್ತಬೇಕು. ಕೊನೆಗೆ ಹತ್ತಿ ಇಟ್ಟು ಬಿಗಿಯಾಗಿ ಹಿಡಿಯಬೇಕು. ಜಗತ್ತಿನಾದ್ಯಂತ ತಾಯಂದಿರು ಇದನ್ನು ಅಡುಗೆಮನೆಯ ಮೇಜಿನ ಮೇಲೆ ಮಾಡುತ್ತಾರೆ, ಹತ್ತು ಹನ್ನೆರಡು ವರ್ಷದ ಹುಡುಗರು ತಾವೇ ಚುಚ್ಚಿಕೊಳ್ಳಲು ಕಲಿಯುತ್ತಾರೆ. ಡಯಾಬಿಟಿಸ್ ಇರುವ ಮಕ್ಕಳ ಇನ್ಸುಲಿನ್‌ಗಿಂತ ಇದು ಕಷ್ಟ, ಒಪ್ಪತಕ್ಕದ್ದೇ. ಮನೆಯಲ್ಲಿ ಆಗದವರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಇದ್ದಾರೆ, ಲಸಿಕೆ ಇಡುವ ಫ್ರಿಜ್ಜು ಅಲ್ಲಿ ಆಗಲೇ ಇದೆ. ಬೇಕಿರುವುದು ಒಂದು ದಿನದ ತರಬೇತಿ ಮತ್ತು ಮಗುವಿನ ಹೆಸರಿಗೆ ಕಟ್ಟಿಟ್ಟ ತಿಂಗಳ ಎಂಟೊಂಬತ್ತು ವಯಲ್. ಎಂಬತ್ತು ಕಿಲೋಮೀಟರ್ ದೂರದ ಜಿಲ್ಲಾ ಆಸ್ಪತ್ರೆಯಲ್ಲಿ ಬೀಗ ಹಾಕಿಟ್ಟ ಫ್ಯಾಕ್ಟರ್ ರಾತ್ರಿ ಹನ್ನೊಂದಕ್ಕೆ ಊದಿದ ಮೊಣಕಾಲಿಗೆ ಬರುವುದಿಲ್ಲ.

ಹೊಸ ಔಷಧಗಳು ಬರುತ್ತಿರುವಾಗ ಹಳೆಯ ಪ್ರೋಟೀನಿನ ಮೇಲೆ ಏಕೆ ಹಣ ಸುರಿಯಬೇಕು ಎಂದು ಕೇಳುವವರಿದ್ದಾರೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಮಿಸಿಜುಮಾಬ್ ನಿಜಕ್ಕೂ ದೊಡ್ಡ ಹೆಜ್ಜೆ. ಫ್ಯಾಕ್ಟರ್ 8 ಮಾಡುವ ಹಿಡಿದು ನಿಲ್ಲಿಸುವ ಕೆಲಸವನ್ನು ಔಷಧವಾಗಿ ತಯಾರಿಸಿದ ಈ ಪ್ರತಿಕಾಯ ಮಾಡುತ್ತದೆ, ನಾಳ ಹುಡುಕದೆ ಚರ್ಮದ ಕೆಳಗೆ ಚುಚ್ಚಬಹುದು, ವಾರಕ್ಕೋ ತಿಂಗಳಿಗೋ ಒಮ್ಮೆ ಸಾಕು, ಇನ್‌ಹಿಬಿಟರ್ ಇದ್ದವರಲ್ಲೂ ನಡೆಯುತ್ತದೆ. ನೆರೆಯ ಕೇರಳ ತನ್ನ ಆಶಾಧಾರ ಯೋಜನೆಯಡಿ ಮಕ್ಕಳಿಗೆ ಇದನ್ನೇ ಕೊಡಲು ಮುಂದಾಗಿದೆ. ಕರ್ನಾಟಕವೂ ಒಟ್ಟಾಗಿ ಖರೀದಿಸಿ ದರ ಇಳಿಸಿಕೊಂಡು ಆ ದಾರಿ ಹಿಡಿದರೆ ಈ ಲೇಖನದ ವಾದಕ್ಕೆ ಗೆಲುವೇ ಹೊರತು ಸೋಲಲ್ಲ, ಏಕೆಂದರೆ ಎಮಿಸಿಜುಮಾಬ್ ಕೂಡ ರಕ್ತ ಇಳಿಯುವ ಮುನ್ನ ಕೊಡುವ ಔಷಧವೇ. ಆದರೆ ರಕ್ತಸ್ರಾವ ಆದಾಗ, ಶಸ್ತ್ರಚಿಕಿತ್ಸೆ ಬೇಕಾದಾಗ ಅದನ್ನು ತೆಗೆದುಕೊಳ್ಳುವವರಿಗೂ ಫ್ಯಾಕ್ಟರ್ 8 ಬೇಕೇ ಬೇಕು. ಫ್ಯಾಕ್ಟರ್ 9ರ ಕೊರತೆಯ ಹಿಮೋಫಿಲಿಯಾ ಬಿ ಇದ್ದವರಿಗೆ ಅದು ಉಪಯೋಗಕ್ಕೆ ಬಾರದು. ಜೀನ್ ಚಿಕಿತ್ಸೆಯ ಕತೆಯೂ ಹಾಗೆಯೇ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕ ಹಿಮೋಫಿಲಿಯಾ ಎ ಜೀನ್ ಚಿಕಿತ್ಸೆಯ ಬೆಲೆ ಒಬ್ಬರಿಗೆ 29 ಲಕ್ಷ ಡಾಲರ್ ಇತ್ತು, ಅದರಿಂದ ಏರಿದ ಫ್ಯಾಕ್ಟರ್ ಮಟ್ಟ ವರ್ಷಗಳು ಕಳೆದಂತೆ ಇಳಿಯುತ್ತದೆ. ಹೆಚ್ಚು ಭರವಸೆ ಹುಟ್ಟಿಸುವುದು ವೆಲ್ಲೂರಿನ ಪ್ರಯೋಗ: ರೋಗಿಯದೇ ಆಕರಕೋಶಗಳಿಗೆ ಫ್ಯಾಕ್ಟರ್ 8ರ ಜೀನ್ ಸೇರಿಸಿ ಮತ್ತೆ ಮೈಗೆ ಹಾಕಿದ ಐವರಲ್ಲಿ ಚಿಕಿತ್ಸೆಯ ನಂತರ ಒಂದೂ ರಕ್ತಸ್ರಾವ ಆಗಲಿಲ್ಲ ಎಂದು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ನಮ್ಮದೇ ನೆಲದ ಈ ಸಾಧನೆ ಹೆಮ್ಮೆಯದು. ಆದರೆ ಅದಕ್ಕೆ ಮೊದಲು ಕೀಮೋಥೆರಪಿ ಬೇಕು, ಐವರೂ ವಯಸ್ಕರು, ಎಲ್ಲರನ್ನೂ ತಲುಪಲು ಇನ್ನೂ ವರ್ಷಗಳು ಹಿಡಿಯುತ್ತವೆ. ಇಂದು ಮೂರು ವರ್ಷದ ಮಗುವಿನ ಕೀಲು ಅಷ್ಟು ಕಾಯುವುದಿಲ್ಲ. ಹೊಸ ಚಿಕಿತ್ಸೆ ಬಂದ ದಿನ ಅದನ್ನು ಪಡೆಯಲು ನೆಟ್ಟಗಿನ ಕಾಲುಗಳು ಉಳಿದಿರಬೇಕಾದರೆ ಹಳೆಯದನ್ನು ಈಗಲೇ ಕೊಡಬೇಕು.

ಇಂಥ ಮಕ್ಕಳು ಹುಟ್ಟದಂತೆ ನೋಡಿಕೊಳ್ಳುವುದೇ ಮೇಲು, ರಕ್ತಸಂಬಂಧದ ಮದುವೆ ಬಿಟ್ಟರೆ ಸಾಕು ಎಂಬ ಉಪದೇಶವೂ ಕೇಳಿಬರುತ್ತದೆ. ಇದು ಅರ್ಧ ತಿಳಿವಳಿಕೆ. ಫ್ಯಾಕ್ಟರ್ 8ರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿ ವಾಹಕಳಾದರೆ ಅವಳು ಯಾರನ್ನು ಮದುವೆಯಾದರೂ ಪ್ರತಿ ಗಂಡುಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ. ಸಂಬಂಧಿಕನೋ ಹೊರಗಿನವನೋ ಎಂಬುದರಿಂದ ಆ ಲೆಕ್ಕ ಬದಲಾಗದು. ಸೋದರ ಸಂಬಂಧ ಮುಖ್ಯವಾಗುವುದು ಒಂದು ಸಂದರ್ಭದಲ್ಲಿ: ಹಿಮೋಫಿಲಿಯಾ ಇರುವ ಸೋದರಮಾವ ವಾಹಕಳಾದ ಅಕ್ಕನ ಮಗಳನ್ನೇ ಮದುವೆಯಾದರೆ ಹೆಣ್ಣುಮಗುವಿಗೂ ಕಾಯಿಲೆ ಬರಬಹುದು. ಅಂಥ ಮನೆಗಳಿಗೆ ಸಮಾಲೋಚನೆ, ಗರ್ಭದ ಪರೀಕ್ಷೆ ಸಿಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸುಮಾರು ಮೂರನೇ ಒಂದು ಪಾಲು ಪ್ರಕರಣಗಳಲ್ಲಿ ವಂಶದಲ್ಲಿ ಯಾರಿಗೂ ಈ ಕಾಯಿಲೆ ಇರುವುದಿಲ್ಲ, ಜೀನಿನಲ್ಲಿ ಹೊಸದಾಗಿ ತಪ್ಪು ನುಸುಳಿರುತ್ತದೆ. ಎಂಥ ಸಮಾಲೋಚನೆಯೂ ಅದನ್ನು ಮುಂಗಾಣದು. ಹುಟ್ಟನ್ನು ತಡೆಯುವ ಮಾತು ಹುಟ್ಟಿದ ಮಗುವಿನ ಚಿಕಿತ್ಸೆಗೆ ಬದಲಿಯಾದರೆ, ಅದು ಕೊನೆಗೆ ತಾಯಿಯನ್ನು ದೂರುವ ಮಾತಾಗಿ ಮುಗಿಯುತ್ತದೆ; ಮನೆಮನೆಗಳಲ್ಲಿ ಆಗುತ್ತಿರುವುದೂ ಅದೇ.

ಕೆಲವೇ ಮಂದಿಯ ಕಾಯಿಲೆಗೆ ಇಷ್ಟು ಗಮನ ಏಕೆ ಎಂದರೆ, ಎಷ್ಟು ಮಂದಿ ಎಂಬುದನ್ನೇ ನಾವು ಸರಿಯಾಗಿ ಎಣಿಸಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಗಂಡಸರು 3 ಕೋಟಿಗೂ ಹೆಚ್ಚು. ಐದು ಸಾವಿರಕ್ಕೊಬ್ಬರಂತೆ ಹಿಮೋಫಿಲಿಯಾ ಎ ಒಂದೇ 6,000 ದಾಟಬೇಕು, ಅದರಲ್ಲಿ ಐದರಲ್ಲಿ ಎರಡು ಪಾಲಿನಷ್ಟು ತೀವ್ರ. ದೇಶದಲ್ಲಿ ಇರಬೇಕಾದ ಸಂಖ್ಯೆ ಲಕ್ಷ ಮೀರಿದರೆ ನೋಂದಾಯಿತರು ಅದರ ಸಣ್ಣ ಪಾಲು. ಉಳಿದವರು ಗುರುತಾಗದೆ ಇದ್ದಾರೆ, ಇಲ್ಲವೇ ಗುರುತಾಗದೆಯೇ ಸತ್ತಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಸ್ವಾಗತಾರ್ಹ. ಆದರೆ ಕಾಯ್ದೆಯ ಮುಖ್ಯ ಸವಲತ್ತುಗಳು ವೈಕಲ್ಯ ಶೇ 40 ಮುಟ್ಟಿದ ಮೇಲೆ. ಕೀಲು ಕೆಡದಂತೆ ಕಾಯುವ ವಯಲ್‌ಗೆ ಹಿಂದೆಮುಂದೆ ನೋಡುವ ವ್ಯವಸ್ಥೆ, ಕೀಲು ಎಷ್ಟು ಕೆಟ್ಟಿದೆ ಎಂದು ಅಳೆದು ಪ್ರಮಾಣಪತ್ರ ಕೊಡಲು ಸಿದ್ಧವಾಗಿದೆ.

ಆಗಬೇಕಾದದ್ದು ಮಹಾ ಯೋಜನೆಯೇನಲ್ಲ. ಫ್ಯಾಕ್ಟರ್ 8 ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಆಗಲೇ ಇದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ದಶಕಗಳಿಂದ ರೋಗಿಗಳ ಒಡನಾಟದಲ್ಲಿವೆ, ಯಾವ ಊರಿನಲ್ಲಿ ಯಾವ ಮಗು ಇದೆ ಎಂಬ ತಿಳಿವಳಿಕೆ ಅಂಥವರ ಹತ್ತಿರ ಇರುತ್ತದೆ. ಅವರ ಜೊತೆ ಕೂತು ಜಿಲ್ಲಾವಾರು ಪಟ್ಟಿ ಮಾಡಬೇಕು. ತೀವ್ರ ಹಿಮೋಫಿಲಿಯಾ ಇರುವ ಪ್ರತಿ ಮಗುವಿಗೂ ಮೂರು ವರ್ಷ ತುಂಬುವ ಮುನ್ನ ಅಥವಾ ಮೊದಲ ಸಲ ಕೀಲು ಊದಿದ ಕೂಡಲೇ ಮುಂಚಿತ ಚಿಕಿತ್ಸೆ ಶುರುವಾಗಬೇಕು. ವರ್ಷಕ್ಕೊಮ್ಮೆಯಾದರೂ ಇನ್‌ಹಿಬಿಟರ್ ಪರೀಕ್ಷೆ ಆಗಬೇಕು. ನೂರು ಮಕ್ಕಳಿಗೆ ವರ್ಷಕ್ಕೆ 26 ಲಕ್ಷ ಯೂನಿಟ್ ಎಂದು ಮೊದಲೇ ಹೇಳಬಹುದಾದ ಬೇಡಿಕೆಗೆ ತುರ್ತು ಖರೀದಿಗಿಂತ ಕಡಿಮೆ ದರ ಸಿಗುತ್ತದೆ, ಟೆಂಡರ್ ತಡವಾಗಿ ಕಪಾಟು ಬರಿದಾಗುವ ಪ್ರಸಂಗವೂ ತಪ್ಪುತ್ತದೆ. ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಹಾಳಾಗದಂತೆ ನೋಡಿಕೊಳ್ಳುವುದೂ ಇದರ ಭಾಗ. ಒಂದು ಲೀಟರ್ ಪ್ಲಾಸ್ಮಾದಿಂದ ಕೈಗೆ ಸಿಗುವುದು ಸುಮಾರು 200 ಯೂನಿಟ್, ಅಂದರೆ ನಮ್ಮ ಲೆಕ್ಕದ ಹುಡುಗನ ಒಂದು ವರ್ಷದ ಔಷಧದ ಹಿಂದೆ ಐನೂರಕ್ಕೂ ಹೆಚ್ಚು ರಕ್ತದಾನಿಗಳು ನಿಂತಿರುತ್ತಾರೆ. ಅಷ್ಟು ಜನ ಕೊಟ್ಟದ್ದನ್ನು ಹಾಳಾಗಲೇಬೇಕಾದ ಕೀಲಿಗೆ ಸುರಿಯುವುದು ಅವರಿಗೂ ಮಾಡುವ ಅನ್ಯಾಯ.

ಆ ಹುಡುಗನ ಚಿಕಿತ್ಸಾ ಪುಸ್ತಕದಲ್ಲಿ ಈಗ ಬರೆದಿರುವುದು ಅಗತ್ಯ ಬಿದ್ದಾಗ ಎಂಬ ಎರಡು ಪದ. ಅಗತ್ಯ ಬಿತ್ತು ಎಂದು ತೀರ್ಮಾನಿಸುವುದು ಅವನ ಊದಿದ ಮೊಣಕಾಲು. ಆ ಪದಗಳನ್ನು ಹೊಡೆದುಹಾಕಿ ಮಂಗಳವಾರ, ಶುಕ್ರವಾರ ಎಂದು ಬರೆಯಲು ಹೊಸ ಸಂಶೋಧನೆ ಬೇಕಿಲ್ಲ. ಒಂದು ಸುತ್ತೋಲೆ, ಅದರ ಹಿಂದೆ 104 ವಯಲ್ ಸಾಕು.